ಮರದ ಸುಷಿರ ವಾದ್ಯಕ್ಕೆ ಎಣ್ಣೆ: ನಾನು ಆರಿಸುವ ಬಗೆ

ಸೀಸೆಯ ಮೇಲೆ ‘ಶುದ್ಧ’ ಎಂದಿದ್ದರೆ ಸಾಲದು. ನಾನು ಮೊದಲು ನೋಡುವುದು ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆಯೇ ಎಂಬುದನ್ನು. ಅಗಸೆ ಎಣ್ಣೆ ಆಮ್ಲಜನಕ ಹೀರಿ ಪೊರೆಗಟ್ಟುತ್ತದೆ. ವಾಲ್‌ನಟ್ ಎಣ್ಣೆಯೂ ಅಷ್ಟೇ, ಆದರೆ ನಿಧಾನ. ಸಿಹಿ ಬಾದಾಮಿ, ಆಲಿವ್ ಎಣ್ಣೆಗಳು ಒಣಗುವುದಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಹಾಗಾಗಿ ಬೇಡ. ಅನುಮಾನವಿದ್ದರೆ ಗಾಜಿನ ಮೇಲೆ ಒಂದು ಹನಿ ತೆಳ್ಳಗೆ ಸವರಿ ಬೆಳಕಿರುವಲ್ಲಿ ಎರಡು ವಾರ ಇಡಿ. ಬೆರಳಿಟ್ಟು ನೋಡಿದರೆ ಎಣ್ಣೆಯ ಜಾತಿ ಗೊತ್ತಾಗುತ್ತದೆ.

ಕ್ಲಾರಿನೆಟ್, ಓಬೋಗಳಿಗೆ ನನ್ನ ಆಯ್ಕೆ ಸಿಹಿ ಬಾದಾಮಿ ಎಣ್ಣೆ. ಅವುಗಳ ಬ್ಲ್ಯಾಕ್‌ವುಡ್ ನೀರಿನಲ್ಲಿ ಮುಳುಗುವಷ್ಟು ದಟ್ಟ, ಎಣ್ಣೆ ಕುಡಿಯುವುದೇ ಕಡಿಮೆ. ಅಲ್ಲಿ ಅಗಸೆ ಎಣ್ಣೆ ಮಿಕ್ಕರೆ ಅಂಟಾಗಿ, ಬೆರಳಿನಿಂದ ಒತ್ತುವ ಕೀಲಿಗಳನ್ನೂ ಅವುಗಳಡಿ ತೂತು ಮುಚ್ಚುವ ಮೆತ್ತೆಗಳಾದ ಪ್ಯಾಡ್‌ಗಳನ್ನೂ ಹಿಡಿದುಕೊಳ್ಳುತ್ತದೆ. ಪೇರ್, ಬಾಕ್ಸ್‌ವುಡ್ ಮರದ ರೆಕಾರ್ಡರ್‌ಗಳಿಗೆ (ತುದಿಯಿಂದ ಊದುವ ಕೊಳಲು) ಮಾತ್ರ ಹಸಿ ಅಗಸೆ ಎಣ್ಣೆ. ‘ಬಾಯ್ಲ್ಡ್’ ಎಂದು ಮಾರುವ ಅಗಸೆ ಎಣ್ಣೆಗೆ ಬೇಗ ಒಣಗಲೆಂದು ಸಾಮಾನ್ಯವಾಗಿ ಲೋಹದ ಲವಣ ಸೇರಿಸಿರುತ್ತಾರೆ. ಬಾಯಿಗಿಡುವ ವಾದ್ಯಕ್ಕೆ ಅದು ಸಲ್ಲದು. ಪ್ಯಾರಾಫಿನ್ ಮೇಣ ತುಂಬಿದ ರೆಕಾರ್ಡರ್‌ಗೆ ಎಣ್ಣೆಯೇ ಬೇಕಿಲ್ಲ.

ಲೇಬಲ್‌ನಲ್ಲಿ ಒಂದೇ ಪದಾರ್ಥದ ಹೆಸರಿರಬೇಕು. ತಲೆಗೆ ಹಚ್ಚುವ ಬಾದಾಮಿ ಎಣ್ಣೆಗಳಲ್ಲಿ ಎಷ್ಟೋ ಬಾರಿ ಲಿಕ್ವಿಡ್ ಪ್ಯಾರಾಫಿನ್ ಮತ್ತು ಸುಗಂಧವೇ ಹೆಚ್ಚು. ವಿಟಮಿನ್ ಇ ಬೆರೆತಿದ್ದರೆ ಬಾದಾಮಿಗೆ ಒಳ್ಳೆಯದೇ, ಕಮಟಾಗುವುದು ತಡವಾಗುತ್ತದೆ. ಅಗಸೆಗೆ ಬೇಡ, ಒಣಗುವುದೂ ತಡವಾಗುತ್ತದೆ. ಅಂಗೈಯಲ್ಲಿ ಒಂದು ಹನಿ ಉಜ್ಜಿ ಮೂಸಿ, ಕಮಟು ಬಂದರೆ ಚೆಲ್ಲಿ. ನುಡಿಸುವವರಿಗೆ ಬಾದಾಮಿಯ ಅಲರ್ಜಿ ಇದ್ದರೆ ಅದನ್ನು ಮುಟ್ಟಲೇಬೇಡಿ.

ಹಚ್ಚುವ ಮುನ್ನ ವಾದ್ಯ ಒಂದು ದಿನವಾದರೂ ಒಣಗಿರಲಿ. ಒದ್ದೆ ಮರ ಎಣ್ಣೆಯನ್ನು ಒಳಗೆ ಬಿಡುವುದಿಲ್ಲ. ಪ್ರತಿ ಪ್ಯಾಡ್‌ನ ಕೆಳಗೆ ಪ್ಲಾಸ್ಟಿಕ್ ಹಾಳೆಯ ತುಂಡು ಸಿಕ್ಕಿಸಿ. ಕ್ಲಾರಿನೆಟ್‌ನ ಇಡೀ ಕೊಳವೆಗೆ ಎಂಟು-ಹತ್ತು ಹನಿ ಸಾಕು, ಅದೂ ಬಟ್ಟೆಯ ಮೇಲೆ ಹಾಕಿಯೇ ಒಳಗೆ ಎಳೆಯಬೇಕು. ವಾದ್ಯದ ತುಂಡುಗಳು ಕೂಡುವ ಕೀಲುಗಳ ತುದಿಯಲ್ಲಿ ಮರದ ನಾರು ಅಡ್ಡ ಕೊಯ್ದಿರುತ್ತದೆ. ತೇವ ನುಗ್ಗುವುದು ಅಲ್ಲೇ ಹೆಚ್ಚು, ಆದ್ದರಿಂದ ಅಲ್ಲಿಗೆ ಕಿರುಕುಂಚದಿಂದ ಬೇರೆಯಾಗಿ ಹಚ್ಚುತ್ತೇನೆ. ಕೀಲಿನ ಮೇಲೆ ಸುತ್ತಿದ ಕಾರ್ಕಿಗೆ ತಗುಲಬಾರದು, ಅದಕ್ಕೆ ಕಾರ್ಕ್ ಗ್ರೀಸ್ ಇದೆ. ರೆಕಾರ್ಡರ್‌ನ ಗಾಳಿದಾರಿಗೂ (ಉಸಿರು ಹಾಯುವ ಕಿರುಸಂದು) ಅದರ ತಳವಾದ ಸೀಡರ್ ಮರದ ಬ್ಲಾಕಿಗೂ ಎಣ್ಣೆ ಸೋಕಿದರೆ ಕೆಲಸ ಕೆಟ್ಟಂತೆ: ಉಸಿರಿನ ತೇವ ಹೀರುವುದೇ ಆ ಬ್ಲಾಕಿನ ಕೆಲಸ.

ಒಂದು ರಾತ್ರಿ ಬಿಟ್ಟು, ಒಣ ಬಟ್ಟೆಯಲ್ಲಿ ಮಿಕ್ಕದ್ದನ್ನು ಪೂರ್ತಿ ಒರೆಸಿ. ಅಗಸೆ ಎಣ್ಣೆಯಾದರೆ ಒರೆಸಿದ ಮೇಲೆ ಇನ್ನೂ ಕೆಲವು ದಿನ ನುಡಿಸಬೇಡಿ. ಹಾಗೆಂದು ಎಣ್ಣೆ ಹಾಕಿದ ವಾದ್ಯ ಬಿರುಕು ಬಿಡುವುದೇ ಇಲ್ಲ ಅಂತಲ್ಲ. ತಣ್ಣಗಿರುವ ವಾದ್ಯಕ್ಕೆ ಬಿಸಿ ಉಸಿರು ಒಮ್ಮೆಲೇ ತುಂಬಿದರೆ ಯಾವ ಎಣ್ಣೆಯೂ ಕಾಯದು.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಅದು ತಾನೇ ಕಾದು ಹೊತ್ತಿಕೊಳ್ಳಬಲ್ಲದು. ನೀರಲ್ಲಿ ನೆನೆಸಿ, ಹೊರಗೆ ಹರಡಿ ಒಣಗಿಸಿ.