ಟೆರೇಸ್ ಕೆಳಗಿನ ಕೋಣೆ ತಂಪಾಗಲು ಬಳ್ಳಿ ಚಪ್ಪರ

ಟೆರೇಸ್ ಕೆಳಗಿನ ಕೋಣೆ ಬೇಸಿಗೆಯಲ್ಲಿ ಕಾವಲಿ ಹಾಗೆ ಕಾಯುತ್ತಿದ್ದರೆ ಮೇಲೆಲ್ಲಾ ಮಣ್ಣು ಹರಡಬೇಡಿ, ಕೆಳಗೆ ಗೋಡೆ ಇರುವ ಅಂಚಿನಲ್ಲಿ ನಾಲ್ಕೈದು ದೊಡ್ಡ ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) ಇಟ್ಟು ಬಸಳೆ ಅಥವಾ ತೊಂಡೆ ಬಳ್ಳಿ ನೆಟ್ಟು ಆ ಕೋಣೆಯ ನೆತ್ತಿ ಮೇಲೆ ಚಪ್ಪರ ಹಬ್ಬಿಸಿ. ಬಿಸಿಲು ಎಲೆಗೆ ಬೀಳುತ್ತದೆ, ಕಾಂಕ್ರೀಟಿಗೆ ಅಲ್ಲ, ಎಲೆ ನೀರನ್ನು ಆವಿ ಮಾಡುತ್ತಾ ತಾನೂ ತಣ್ಣಗಿರುತ್ತದೆ, ನಡುವೆ ಗಾಳಿ ಆಡುವುದರಿಂದ ರಾತ್ರಿ ಛಾವಣಿಯ ಕಾವು ಹೊರಗೆ ಹೋಗುತ್ತದೆ. ಭಾರದ ಲೆಕ್ಕವೂ ಇದೆ: ಮನೆ ಟೆರೇಸಿಗೆ ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆಜಿ ಮಾತ್ರ ಹಿಡಿದಿರುತ್ತಾರೆ, ನಾಲ್ಕು ಇಂಚು ಒದ್ದೆ ಮಣ್ಣೇ ಅದನ್ನು ದಾಟಿಬಿಡುತ್ತದೆ. ಬ್ಯಾಗಿಗೂ ಬರೀ ಕೆಂಪು ಮಣ್ಣು ಬೇಡ, ಅರ್ಧದಷ್ಟು ಕೋಕೋಪೀಟ್ (ತೆಂಗಿನ ನಾರಿನ ಹಗುರ ಪುಡಿ), ಉಳಿದಿದ್ದು ಗೊಬ್ಬರ ಮತ್ತು ಮಣ್ಣು. ಕೆಳಗೆ ಎರಡು ಇಟ್ಟಿಗೆ ಕೊಡಿ, ನೀರು ನಿಲ್ಲಬಾರದು. ಏಪ್ರಿಲ್‌ನಲ್ಲಿ ನೆಟ್ಟರೆ ಈ ಬೇಸಿಗೆಗೆ ಪ್ರಯೋಜನ ಇಲ್ಲ, ಹಬ್ಬುವಷ್ಟರಲ್ಲಿ ಮಳೆ ಬಂದಿರುತ್ತದೆ, ಜನವರಿಗೇ ಶುರು ಮಾಡಿ. ಪಡುವಣ ಗೋಡೆಯಿಂದ ಬರುವ ಸಂಜೆಯ ಸೆಕೆಗೂ ಇದು ಮದ್ದಲ್ಲ, ಅದಕ್ಕೆ ಆ ಗೋಡೆಗೇ ನೆರಳು ಬೇಕು. ಈಗಾಗಲೇ ಸೋರುತ್ತಿರುವ ಛಾವಣಿ ಆದರೆ ಮೊದಲು ಬಿರುಕು ಮುಚ್ಚಿಸಿ, ಆಮೇಲೆ ಬಳ್ಳಿ. ಗಾಳಿ ಜೋರಿರುವ ಕಡೆ ಚಪ್ಪರದ ಕಂಬವನ್ನು ಸುಮ್ನೆ ಬಕೆಟ್ ಮಣ್ಣಲ್ಲಿ ನಿಲ್ಲಿಸಬೇಡಿ, ಗೋಡೆಗೆ ಬಿಗಿಯಾಗಿ ಕಟ್ಟಿ. ಶೀಟ್ ಮನೆಯಾದರೆ ಬ್ಯಾಗ್‌ಗಳನ್ನು ನೆಲದಲ್ಲೇ ಇಟ್ಟು ಬಳ್ಳಿ ಮಾತ್ರ ಮೇಲೆ ಹತ್ತಿಸಿ.