ಥಿನ್ನರ್ ವಾಸನೆಗೆ ಬಿಸಿ ಹಸಿರು ಲೇಪನ: ನನ್ನ ಅನುಭವ

ಬಳ್ಳಾರಿ ಜೀನ್ಸ್ ಎಲ್ಲರಿಗೂ ಗೊತ್ತು. ಅದರ ಪ್ಯಾಚು, ಲೇಬಲ್ಲು ಮುದ್ರಿಸುವ ಶೆಡ್ಡುಗಳ ಒಳಗಿನ ಗಾಳಿ ಹೇಗಿರುತ್ತದೆ ಅನ್ನೋದು ಒಳಗೆ ಕೆಲಸ ಮಾಡುವವರಿಗೇ ಗೊತ್ತು. ಕೌಲ್ ಬಜಾರ್ ಕಡೆ ನನ್ನದೂ ಒಂದು ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಶೆಡ್ ಇದೆ. ಸ್ಕ್ರೀನ್ ತೊಳೆಯಲು ಥಿನ್ನರ್ ಬೇಕೇ ಬೇಕು, ನಾವು ತರುವ ಥಿನ್ನರಿನಲ್ಲಿ ಟೊಲುವೀನ್ ಎಂಬ ದ್ರಾವಕವೇ ಜಾಸ್ತಿ. ಹುಡುಗರಿಗೆ ತಲೆನೋವು, ಕಣ್ಣುರಿ. ಫ್ಯಾನ್ ಹಾಕಿ ಹೊರಗೆ ತಳ್ಳಿದರೆ ಪಕ್ಕದ ಮನೆಯ ಮಕ್ಕಳು ಅದನ್ನೇ ಉಸಿರಾಡಬೇಕು. ಅದು ನ್ಯಾಯವಲ್ಲ ಅಲ್ವಾ?

ಇದ್ದಿಲಿನ ಫಿಲ್ಟರ್ ನಮ್ಮೂರಿಗೆ ಅಷ್ಟಾಗಿ ಒಗ್ಗುವುದಿಲ್ಲ. ಇದ್ದಿಲು ವಾಸನೆಯನ್ನು ಹಿಡಿದಿಡುತ್ತದೆ, ಒಡೆಯುವುದಿಲ್ಲ. ಗಾಳಿ ಬಿಸಿಯಾದಷ್ಟೂ ಹಿಡಿಯುವ ಶಕ್ತಿ ಕಡಿಮೆ. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಹಿಡಿದದ್ದರಲ್ಲೂ ಸ್ವಲ್ಪ ಬಿಡಬಹುದು. ವಾಸನೆಯನ್ನು ಬೆಳಕಿನಿಂದ ಒಡೆಯುವ ಟೈಟಾನಿಯಂ ಡೈಆಕ್ಸೈಡ್ ಲೇಪನವೂ ಇದೆ, ಆದರೆ ಅದಕ್ಕೆ ನೇರಳಾತೀತ ಬೆಳಕು ಬೇಕು, ಅದರ ಮೇಲೆ ನಮ್ಮ ಕೆಂಧೂಳು ಕೂತರೆ ಮುಗೀತು.

ಜಪಾನಿನ ಯೊಕೊಹಾಮಾ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಜಿನ್ ಮಿಜುಗುಚಿ ಅವರು ಬೆಳಕಿನ ಬದಲು ಬಿಸಿಯನ್ನೇ ಬಳಸುವ ದಾರಿ ತೋರಿಸಿದರು. ಅರೆವಾಹಕವನ್ನು (ಸೆಮಿಕಂಡಕ್ಟರ್) 350ರಿಂದ 500 ಡಿಗ್ರಿವರೆಗೆ ಕಾಯಿಸಿದರೆ ಅದರೊಳಗಿನ ಎಲೆಕ್ಟ್ರಾನುಗಳು ಜಾಗ ಬಿಟ್ಟು ಮೇಲೇರುತ್ತವೆ. ಖಾಲಿಯಾದ ಜಾಗಗಳು ಹತ್ತಿರ ಬಂದ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ. ಅಣು ಒಡೆದು, ಆಮ್ಲಜನಕದ ಜೊತೆ ಸೇರಿ, ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ.

ನಾನು ಆರಿಸಿದ ಅರೆವಾಹಕ ಕ್ರೋಮಿಯಂ ಆಕ್ಸೈಡ್. ಸಿಮೆಂಟ್ ಟೈಲ್ಸ್‌ಗೆ ಹಾಕುವ ಹಸಿರು ಪುಡಿಯೇ ಅದು. ಜೇನುಗೂಡಿನಂಥ ಕಾರ್ಡಿಯರೈಟ್ ಸೆರಾಮಿಕ್ ತುಂಡನ್ನು ಪುಡಿ ಕಲಸಿದ ನೀರಿನಲ್ಲಿ ಅದ್ದಿ, ತೂತುಗಳನ್ನು ಊದಿ ತೆರೆದು, ನೆರಳಲ್ಲಿ ಒಣಗಿಸಿ, ಆಮೇಲೆ ನಿಧಾನವಾಗಿ 500 ಡಿಗ್ರಿಗೆ ಸುಡುತ್ತೇನೆ. ಲೇಪನ ತೆಳ್ಳಗಿರಬೇಕು, ದಪ್ಪವಾದರೆ ಉದುರುತ್ತದೆ. ಅಂಟಿಗೆ ಅಲ್ಯುಮಿನಾ ಸೋಲ್ (ಅಲ್ಯುಮಿನಿಯಂ ಆಕ್ಸೈಡಿನ ಅತಿ ನುಣ್ಣನೆ ಕಣಗಳು ಬೆರೆತ ನೀರು) ಬಳಸಿ. ಸೋಡಿಯಂ ಸಿಲಿಕೇಟ್ ಖಂಡಿತ ಬೇಡ, ಅದರಲ್ಲಿ ಕ್ಷಾರ ಇರುತ್ತದೆ. ಕ್ಷಾರ ಸೇರಿ ಕಾದರೆ ಈ ಹಸಿರು ಪುಡಿ ವಿಷಕಾರಿ ಕ್ರೋಮೇಟ್ ಆಗಬಹುದು.

ಲೇಪನ ಸುಲಭ. ನಿಜವಾದ ಕೆಲಸ ಇರುವುದು ಗಾಳಿ ಮತ್ತು ಬಿಸಿಯ ಲೆಕ್ಕದಲ್ಲಿ. ಗಂಟೆಗೆ 10 ಘನ ಮೀಟರ್ ಗಾಳಿಯನ್ನು 400 ಡಿಗ್ರಿಗೆ ಏರಿಸಲು ಸುಮಾರು 1.2 ಕಿಲೋವಾಟ್ ಬೇಕು. ಇಡೀ ಶೆಡ್ಡಿನ ಗಾಳಿ ಕಾಯಿಸಲು ಹೊರಟರೆ ಕರೆಂಟ್ ಬಿಲ್ಲಿಗೇ ಅಂಗಡಿ ಮುಚ್ಚಬೇಕು. ಅದಕ್ಕೇ ತೊಳೆದ ಸ್ಕ್ರೀನು, ಒದ್ದೆ ಚಿಂದಿ ಎಲ್ಲವನ್ನೂ ಒಂದು ತಗಡಿನ ಕಪಾಟಿಗೆ ಸೇರಿಸಿ, ಆ ಕಪಾಟಿನ ಗಾಳಿಯನ್ನು ಮಾತ್ರ ಪೈಪಿನಲ್ಲಿ ಎಳೆದು, ಕಾಯಿಸಿ, ಲೇಪನದ ತುಂಡಿನ ಮೂಲಕ ಹಾಯಿಸುತ್ತೇನೆ. ವಾಸನೆ ಹುಟ್ಟುವ ಜಾಗದಲ್ಲೇ ಅದನ್ನು ಹಿಡಿಯುವುದು ಅರ್ಧ ಕೆಲಸ.

ಬೆಂಕಿಯ ಮಾತು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಗಾಳಿಯಲ್ಲಿ ಟೊಲುವೀನ್ ಸುಮಾರು ಶೇಕಡಾ 1.1 ಆದರೆ ಕಿಡಿ ತಗುಲಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಸುಮಾರು 480 ಡಿಗ್ರಿಯಲ್ಲಿ ಕಿಡಿಯೂ ಬೇಕಾಗುವುದಿಲ್ಲ. ಸಾವಿರ ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸಾವಿರ ಪಾಲು) ಟೊಲುವೀನ್ ಪೂರ್ತಿ ಉರಿದರೆ ಗಾಳಿಯ ಬಿಸಿ ನೂರು ಡಿಗ್ರಿಗೂ ಮೀರಿ ಏರಬಲ್ಲದು. ಹಾಗಾಗಿ ಹೊಸ ಗಾಳಿ ಬೆರೆಸಿ ಕೆಲವೇ ನೂರು ಪಿಪಿಎಂ ಒಳಗೆ ಇಡುತ್ತೇನೆ. ಹೀಟರ್ ಪೈಪಿನ ಹೊರಗಿದೆ. ಮುಂದೆ ಜ್ವಾಲೆ ತಡೆಯುವ ಜಾಲರಿ ಇದೆ. ಬ್ಲೋವರ್ ನಿಂತರೆ ಹೀಟರ್ ತಾನಾಗಿ ಬಂದ್. ಹೀಟರ್, ಲೇಪನದ ತುಂಡು ಇರುವ ಪೂರ್ತಿ ಪೆಟ್ಟಿಗೆ ಗೋಡೆಯ ಆಚೆ. ಇವಿಷ್ಟೂ ಇಲ್ಲದೆ ಯಾರೂ ಇದನ್ನು ಮಾಡಬೇಡಿ. ಎಲೆಕ್ಟ್ರಿಕಲ್ ಕೆಲಸ ಬಲ್ಲವರನ್ನು ಜೊತೆಗಿಟ್ಟುಕೊಳ್ಳಿ.

ಕೆಲಸ ಆಗುತ್ತಿದೆ ಅಂತ ಗೊತ್ತಾಗುವುದು ಹೇಗೆ? ಬರೀ ಮೂಗನ್ನು ನಂಬಬಾರದು, ಟೊಲುವೀನ್ ವಾಸನೆಗೆ ಅದು ಬೇಗ ಒಗ್ಗಿಹೋಗುತ್ತದೆ. ನನಗೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಬಿಸಿ ಅಳೆಯುವ ತಂತಿಯಾದ ಥರ್ಮೋಕಪಲ್‌ನಲ್ಲಿ. ಲೇಪನ 400ರಲ್ಲಿ ನಿಂತಿರುವಾಗ ಕಪಾಟಿನಿಂದ ಪೈಪಿಗೆ ಹೋಗುವ ಬಾಯಿ ತೆರೆದರೆ, ಹೀಟರ್ ಆಫ್ ಆಗಿದ್ದರೂ ಉಷ್ಣಾಂಶ ಏರುತ್ತದೆ. ಟೊಲುವೀನ್ ಸುಮ್ನೆ ಅಂಟಿಕೊಂಡಿದ್ದರೆ ಇಷ್ಟು ಶಾಖ ಬರುತ್ತಿರಲಿಲ್ಲ. ಅದು ಅಲ್ಲೇ ಉರಿಯುತ್ತಿದೆ. ಹೊರಬರುವ ಗಾಳಿಯನ್ನು ಸುಣ್ಣದ ತಿಳಿನೀರಿಗೆ ಬಿಟ್ಟರೆ ಬರಿಯ ಗಾಳಿಗಿಂತ ಬೇಗ ಹಾಲಿನಂತೆ ಬೆಳ್ಳಗಾಗುತ್ತದೆ. ಕಾರ್ಬನ್ ಮೊನಾಕ್ಸೈಡ್ ಮೀಟರ್ ಒಂದು ಇರಲೇಬೇಕು. ಬಿಸಿ ಸಾಲದಿದ್ದರೆ ಟೊಲುವೀನ್ ಅರ್ಧಂಬರ್ಧ ಒಡೆಯುತ್ತದೆ, ಆಗ ಬರುವುದು ಮೊದಲಿಗಿಂತ ಕೆಟ್ಟ ಗಾಳಿ. ಅದಕ್ಕೇ ಲೇಪನ ಪೂರ್ತಿ ಕಾಯುವವರೆಗೆ ಆ ಬಾಯಿ ತೆರೆಯುವುದಿಲ್ಲ.

ಎಲ್ಲ ದ್ರಾವಕಕ್ಕೂ ಇದು ಆಗಿಬರುವುದಿಲ್ಲ. ಪೇಂಟ್ ಕೀಳುವ ಮೆಥಿಲೀನ್ ಕ್ಲೋರೈಡ್ ಬಿಸಿ ಲೇಪನದ ಮೇಲೆ ಹೋದರೆ ಹೈಡ್ರೋಕ್ಲೋರಿಕ್ ಆಮ್ಲ ಬರುತ್ತದೆ. ಸಿಲಿಕೋನ್ ಆವಿ ಮರಳಿನ ಪದರವಾಗಿ ಕೂತು ಲೇಪನವನ್ನೇ ಮುಚ್ಚಿಬಿಡುತ್ತದೆ. ಎರಡನ್ನೂ ಕಪಾಟಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಸಂಡೂರಿನ ಗುಡ್ಡಗಳನ್ನು ಕೆಂಪಾಗಿಸಿರುವ ಹೆಮಟೈಟ್ ಎಂಬ ಕಬ್ಬಿಣದ ಅದಿರು ಕೂಡ ಅರೆವಾಹಕವೇ. ಮುಂದಿನ ತುಂಡಿಗೆ ಹಸಿರು ಪುಡಿಯ ಬದಲು ಶುದ್ಧ ಕಬ್ಬಿಣದ ಆಕ್ಸೈಡ್ ಬಳಿದು, ಅದೇ ಪೈಪಿನಲ್ಲಿ, ಅದೇ ಬಿಸಿಯಲ್ಲಿ ಹೋಲಿಸಿ ನೋಡುತ್ತೇನೆ.