ವಿ.ಆರ್. ಹಾಕಿದರೆ ಹೊಟ್ಟೆ ತೊಳಸುತ್ತದೆಯೇ? ಹೀಗೆ ಮಾಡಿ ನೋಡಿ

ಚಿಕ್ಕವಳಿದ್ದಾಗ ತೀರ್ಥಹಳ್ಳಿಯಿಂದ ಉಡುಪಿಗೆ ಹೋಗುವ ಬಸ್ಸೆಂದರೆ ನನಗೆ ಭಯ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ನಾಲ್ಕನೆಯದು ದಾಟುವಷ್ಟರಲ್ಲಿ ಬಾಯಲ್ಲಿ ನೀರೂರುತ್ತಿತ್ತು. ಅಜ್ಜಿ ಕೈಗೆ ನಿಂಬೆಹಣ್ಣು ಕೊಟ್ಟು, "ಪುಸ್ತಕ ಮುಚ್ಚು ಮಗಾ, ಮುಂದಿನ ಗಾಜಲ್ಲಿ ರಸ್ತೆ ನೋಡು" ಎನ್ನುತ್ತಿದ್ದರು. ಹೋದ ವರ್ಷ, ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೆಯೇ ಲೋಕ ಕಾಣಿಸುವ ವಿ.ಆರ್. (ವರ್ಚುವಲ್ ರಿಯಾಲಿಟಿ) ಸಾಧನವಾದ ಕ್ವೆಸ್ಟ್ 2 ಹೆಡ್‌ಸೆಟ್ ಹಾಕಿ ರೋಲರ್ ಕೋಸ್ಟರ್ ವಿಡಿಯೋ ನೋಡಿದಾಗ ಅದೇ ಸಂಕಟ ಮರಳಿ ಬಂತು.

ಬಸ್ಸಿನಲ್ಲಿ ಓದುವಾಗ ಒಳಗಿವಿ 'ಓಡುತ್ತಿದ್ದೇವೆ' ಎನ್ನುತ್ತದೆ, ಪುಟ ನೋಡುವ ಕಣ್ಣು 'ಇಲ್ಲ' ಎನ್ನುತ್ತದೆ. ವಿ.ಆರ್.ನಲ್ಲಿ ಇದು ತಿರುಗುಮುರುಗು. ಒಳಗಿವಿಯಲ್ಲಿ ಮೂರು ಬಾಗಿದ ಕೊಳವೆಗಳಿವೆ. ತಲೆ ತಿರುಗಿದರೆ ಅವುಗಳೊಳಗಿನ ದ್ರವ ಅಲುಗಿ ಮೆದುಳಿಗೆ ಸುದ್ದಿ ಹೋಗುತ್ತದೆ. ಜಾಯ್‌ಸ್ಟಿಕ್ ಒತ್ತಿ, ಮೈ ಅಲುಗಿಸದೆ ಆಟದೊಳಗೆ ತಿರುಗಿದರೆ ಕಣ್ಣೆದುರು ಲೋಕವೇ ಸುತ್ತುತ್ತದೆ, ಆ ದ್ರವ ಮಾತ್ರ ಕದಲುವುದಿಲ್ಲ. ಈ ಜಗಳ ಕಡಿಮೆ ಮಾಡುವುದೇ ನಮ್ಮ ಕೆಲಸ.

ಮೊದಲು ಲೆನ್ಸ್ ಸರಿಮಾಡಿ. ಕನ್ನಡಿ ಮುಂದೆ ನಿಂತು, ಎರಡು ಕಣ್ಣಪಾಪೆಗಳ ನಡುವಿನ ದೂರವನ್ನು ಸ್ಕೇಲಿನಲ್ಲಿ ಅಳೆಯಿರಿ. ಕ್ವೆಸ್ಟ್ 2ರಲ್ಲಿ 58, 63, 68 ಮಿಲಿಮೀಟರ್ ಎಂದು ಲೆನ್ಸ್ ನಿಲ್ಲಿಸಲು ಮೂರೇ ಜಾಗ, ನಿಮ್ಮ ಅಳತೆಗೆ ಹತ್ತಿರದ್ದಕ್ಕೆ ಸರಿಸಿ. ನನ್ನದು 60, ಲೆನ್ಸ್ ಇದ್ದದ್ದು 68ರಲ್ಲಿ. 58ಕ್ಕೆ ತಂದ ದಿನವೇ ಹಣೆನೋವು ಹೋಯಿತು.

ಆಮೇಲೆ ಆಟದ ಸೆಟ್ಟಿಂಗ್ಸ್. ನಡೆಯಲು ಟೆಲಿಪೋರ್ಟ್ (ತೋರಿಸಿದ ಜಾಗಕ್ಕೆ ನೇರ ಜಿಗಿಯುವುದು), ತಿರುಗಲು ಸ್ನ್ಯಾಪ್ ಟರ್ನ್ ಇಡಿ. ನೋಟ ಒಮ್ಮೆಲೇ 30 ಅಥವಾ 45 ಡಿಗ್ರಿ ಜಿಗಿಯುತ್ತದೆ. ನಡುವಿನ ಸುತ್ತಾಟ ಕಣ್ಣಿಗೆ ಕಾಣದೇ ಇದ್ದರೆ ಜಗಳಕ್ಕೆ ಕಾರಣವೂ ಇಲ್ಲ, ಅಲ್ವಾ? ವಿಗ್ನೆಟ್ ಇದ್ದರೆ ಅದನ್ನೂ ಆನ್ ಮಾಡಿ. ಚಲಿಸುವಾಗ ಅಂಚುಗಳು ಕಪ್ಪಾಗುತ್ತವೆ. ಚಲನೆಯನ್ನು ಜಾಸ್ತಿ ಹಿಡಿಯುವುದು ಕಣ್ಣಂಚೇ. 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಹೀಗೆ ನೋಟವನ್ನು ಮೆಲ್ಲಗೆ ಕಿರಿದು ಮಾಡಿ ಪರೀಕ್ಷಿಸಿದರು. ಜನರಿಗೆ ಸಂಕಟ ಕಡಿಮೆಯಾಯಿತು. ಚಿತ್ರ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಎಂಬುದನ್ನು ಹರ್ಟ್ಸ್‌ನಲ್ಲಿ ಹೇಳುತ್ತಾರೆ; 72ರ ಬದಲು 90 ಹರ್ಟ್ಸ್ ಸಿಕ್ಕರೆ ಅದನ್ನೇ ಆರಿಸಿ. ಚಿತ್ರ ತಡವರಿಸಿದರೆ ತಲೆ ಸುತ್ತುತ್ತದೆ.

ನನಗೆ ಅತಿ ಹೆಚ್ಚು ಉಪಕಾರವಾದದ್ದು ಮೈಗೆ ನಿಜ ಸುದ್ದಿ ಕೊಡುವುದು. ಎದುರಿಗೆ ಒಂದು ಟೇಬಲ್ ಫ್ಯಾನ್ ಇಡುತ್ತೇನೆ. ಗಾಳಿ ಕೆನ್ನೆಗೆ ತಾಗಿದರೆ ಯಾವ ಕಡೆ ಮುಖ ಮಾಡಿದ್ದೇನೆಂದು ಚರ್ಮಕ್ಕೆ ಗೊತ್ತಾಗುತ್ತದೆ. ಬರಿಗಾಲಿನಡಿ ಚಿಕ್ಕ ಕಾಲೊರಸು ಹಾಕುತ್ತೇನೆ, ಕೋಣೆಯ ನಡುಭಾಗ ಪಾದಕ್ಕೇ ತಿಳಿಯುತ್ತದೆ. ಆದಷ್ಟು ಜಾಯ್‌ಸ್ಟಿಕ್ ಬಿಟ್ಟು ಮೈಯನ್ನೇ ತಿರುಗಿಸುತ್ತೇನೆ. ಅಮ್ಮನಿಗೆ ಮಾತ್ರ ಕೈಯಿರುವ ಗಟ್ಟಿ ಕುರ್ಚಿಯಲ್ಲೇ ಕೂರಿಸಿ ತೋರಿಸಿದೆ. ಒಂದು ಕೈಯಲ್ಲಿ ಕುರ್ಚಿ ಹಿಡಿದುಕೊಂಡೇ ಅವರು ಸಮುದ್ರದಡಿಯ ಮೀನುಗಳನ್ನೆಲ್ಲ ನೋಡಿದರು.

ಮೊದಲ ವಾರ ನಿಂತಲ್ಲೇ ಆಡುವ ಆಟಗಳು ಸಾಕು. ಬೀಟ್ ಸೇಬರ್‌ನಲ್ಲಿ ಬ್ಲಾಕುಗಳೇ ನಮ್ಮ ಕಡೆ ಬರುತ್ತವೆ, ನಾವು ಎಲ್ಲಿಗೂ ಹೋಗುವುದಿಲ್ಲ. ದಿನಕ್ಕೆ ಹತ್ತು ನಿಮಿಷ ಆಡಿ. "ಸ್ವಲ್ಪ ತಡ್ಕೋ, ಅಭ್ಯಾಸ ಆಗುತ್ತೆ" ಎನ್ನುವವರ ಮಾತು ದಯವಿಟ್ಟು ಕೇಳಬೇಡಿ. ಸಂಕಟ ಶುರುವಾದ ಮೇಲೂ ಆಡಿದರೆ ಮೈ ಕಲಿಯುವುದು ಹೆಡ್‌ಸೆಟ್ ಕಂಡರೇ ಅಸಹ್ಯಪಡುವುದನ್ನು. ಸುಮ್ಮನೆ ಬರುವ ಆಕಳಿಕೆ, ಕತ್ತಿನ ಹಿಂದೆ ತಣ್ಣನೆ ಬೆವರು, ಬಾಯಲ್ಲಿ ನೀರು: ಯಾವುದೇ ಒಂದು ಬಂದರೂ ತಕ್ಷಣ ತೆಗೆದಿಡಿ. ಕಿಟಕಿ ಹತ್ತಿರ ಹೋಗಿ ದೂರದ ಮರವನ್ನೋ ಮನೆಯನ್ನೋ ನೋಡುತ್ತಾ ಕುಳಿತುಕೊಳ್ಳಿ. ಒಂದು ಚೂರು ಶುಂಠಿ ಅಗಿದರೆ ನನಗೆ ಹಿತ. ತಲೆ ಪೂರ್ತಿ ತಿಳಿಯಾಗುವವರೆಗೆ ಸ್ಕೂಟರ್ ಕೀಲಿ ಮುಟ್ಟಬೇಡಿ.